ಉದಾಹರಣೆಗೆ, ಅಲಮೇಲು

ಡಿಸೆಂಬರ್ 2, ಸೋಮವಾರ

ಇವತ್ತೂ ಡಾಲರ್ ಗುರುತು ಕೀಳುವ ಕೆಲಸ. ಕೈಪಿಡಿಯ ಒಂದು ಪುಟದಲ್ಲಿ ಕಮಾಂಡ್‌ನ ಮುಂದೆ ಡಾಲರ್ ಇದೆ, ಮುಂದಿನ ಪುಟದಲ್ಲಿ ಇಲ್ಲ. ಒಂದು ಕಡೆ ಕಮಾಂಡ್ ಬೂದು ಚೌಕದೊಳಗೆ, ಇನ್ನೊಂದು ಕಡೆ ವಾಕ್ಯದ ಮಧ್ಯೆ ಎಲ್ಲೋ ಕಳೆದುಹೋಗಿದೆ. ಯೂಸರ್ ಹೆಸರಿನ ಕಥೆ ಕೇಳುವುದೇ ಬೇಡ — ಜಾನ್, ಟೆಸ್ಟ್ ಒನ್, ಎಬಿಸಿ... ಬರೆದವರಿಗೆ ಆ ಹೊತ್ತು ಏನು ತೋಚಿತೋ ಅದು. ನಮ್ಮದು ಲೈಬ್ರರಿಗಳಿಗೆ ಮಾರುವ ಸಾಫ್ಟ್‌ವೇರ್. ಓದುವವರು ಲೈಬ್ರರಿ ಗುಮಾಸ್ತರು, ಕಮಾಂಡ್ ಹೊಡೆಯುವ ಕಪ್ಪು ಪರದೆ ಕಂಡರೆ ಬೆವರುವವರು. ಎಲ್ಲ ಉದಾಹರಣೆಗಳೂ ಒಂದೇ ಥರ ಇರಬೇಕು ಎಂದು ಮ್ಯಾನೇಜರ್ ಶ್ರೀಧರ್ ನನ್ನ ತಲೆಗೆ ಕಟ್ಟಿದ್ದಾರೆ.

ಡಾಲರ್ ಕೀಳಿಸಿದ್ದು ಮಾತ್ರ ಅಲಮೇಲು ಅತ್ತೆ. ಅಪ್ಪನ ತಂಗಿ. ಈ ಶಂಕರಪುರಂ ಮನೆಯಲ್ಲಿ ನಾನು, ಅವರು, ಇಬ್ಬರೇ. ಚಾಮರಾಜಪೇಟೆಯಲ್ಲಿ ಜೀವಮಾನವೆಲ್ಲ ಟೈಪಿಂಗ್ ಹೇಳಿಕೊಟ್ಟವರು. ಹಾಳೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಭಾನುವಾರ ಒಂದು ಪುಟ ಎತ್ತಿಕೊಂಡು, ಡಾಲರ್ ಮೇಲೆ ಬೆರಳಿಟ್ಟು, ಇದನ್ನೂ ಹೊಡೆಯಬೇಕಾ ಎಂದು ಕೇಳಿದರು. ಇಲ್ಲ ಅತ್ತೆ, ಕಮಾಂಡ್ ಇಲ್ಲಿಂದ ಶುರು ಅನ್ನೋದಕ್ಕೆ ಅದು ಬರೀ ಗುರುತು ಎಂದೆ.

"ಹೊಡೀಬಾರದ್ದನ್ನ ಯಾಕೆ ಬರೀತೀಯೆ ಮೈತ್ರಿ? ಕಲಿಯೋರು ಇದ್ದದ್ದನ್ನ ಇದ್ದ ಹಾಗೇ ಹೊಡೀತಾರೆ ಕಣೇ."

ಅದಕ್ಕೇ ಕೀಳುತ್ತಿದ್ದೇನೆ.

ಡಿಸೆಂಬರ್ 5, ಗುರುವಾರ

ಎಲ್ಲ ಪುಟಕ್ಕೂ ಒಂದೇ ಹೆಸರು ಬೇಕಂತೆ. "ಇಲ್ಲಿ ನಿಮ್ಮ ಯೂಸರ್ ಹೆಸರು" ಎಂದು ಕಂಸದೊಳಗೆ ಹಾಕಿದರೆ ಜನ ಕಂಸವನ್ನೂ ಸೇರಿಸಿ ಹೊಡೆಯುತ್ತಾರೆ, ಆಮೇಲೆ ಫೋನ್ ಮಾಡಿ ಬೈಯುತ್ತಾರೆ. ನಿಜವಾದ ಮನುಷ್ಯರ ಹೆಸರಿರಲಿ, ಚಿಕ್ಕದಿರಲಿ ಎಂದು ಮೀಟಿಂಗ್‌ನಲ್ಲಿ ತೀರ್ಮಾನ. ಮೀಟಿಂಗ್ ಮನೆಯಿಂದಲೇ, ಎದುರಿಗೆ ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ಯೋಚನೆಯನ್ನೇ ಮಾಡಲಿಲ್ಲ. ಅಲಮೇಲು ಎಂದು ಹಾಕಿದೆ, ಎಲ್ಲ ಪುಟಗಳಿಗೂ ಒಂದೇ ಏಟಿಗೆ.

ಹೇಳಿದಾಗ ಅತ್ತೆಯ ಮುಖ ಅರಳಿತು. ಸಂಜೆ ಗಾಂಧಿ ಬಜಾರಿನ ಹೂವಿನವಳಿಗೂ ಸುದ್ದಿ ಮುಟ್ಟಿಸಿ ಬಂದಿದ್ದಾರೆ, ಇನ್ನು ಊರೂರ ಲೈಬ್ರರಿಯಲ್ಲೂ ನನ್ನ ಹೆಸರೇ ಎಂದು. ಎಪ್ಪತ್ತು ದಾಟಿದ ಮೇಲೆ ಇಷ್ಟು ಜಂಬ!

ಡಿಸೆಂಬರ್ 13, ಶುಕ್ರವಾರ

ಸದಸ್ಯರ ಖಾತೆಗಳ ಅಧ್ಯಾಯ ಮುಗಿಯಿತು. ಅತ್ತೆಗೆ ಪರದೆಯ ಮೇಲೆ ಓದಿದರೆ ಓದಿದ ಹಾಗಾಗುವುದಿಲ್ಲ, ಪ್ರಿಂಟ್ ತಂದುಕೊಟ್ಟೆ. ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಿದರು. ಅಲಮೇಲುವನ್ನು ಸೇರಿಸು. ಅಲಮೇಲುವಿನ ಪಾಸ್‌ವರ್ಡ್ ಬದಲಿಸು. ಪುಸ್ತಕ ವಾಪಸ್ ಕೊಡದಿದ್ದರೆ ಅಲಮೇಲುವನ್ನು ತಡೆಹಿಡಿ. ಕೊನೆಯ ಪುಟ — ಅಲಮೇಲುವನ್ನು ಅಳಿಸು.

ಅದು ಅಲ್ಲಿದೆ ಎನ್ನುವುದೇ ನನಗೆ ಹೊಳೆದಿರಲಿಲ್ಲ.

ಕರಿಬೇವಿಗೆಂದು ಬಂದಿದ್ದ ಪಕ್ಕದ ಮನೆಯ ಶಕುಂತಲಮ್ಮ ಕೆನ್ನೆ ಮೇಲೆ ಕೈ ಇಟ್ಟುಕೊಂಡರು. "ಅಯ್ಯೋ, ಬಿಡ್ತು ಅನ್ನಿ." ಅತ್ತೆಗೆ ನಗು ತಡೆಯಲಾಗಲಿಲ್ಲ. ನಕ್ಕೂ ನಕ್ಕೂ ಕೆಮ್ಮು ಬಂತು. ಶಕುಂತಲಮ್ಮನ ಸಮಾಧಾನಕ್ಕೆ ಬಿಡ್ತು ಎಂದರು. ನಾನೂ ನಕ್ಕೆ. ಕಂಪ್ಯೂಟರ್‌ಗೆ ಬಿಡ್ತು ಅನ್ನುವ ಕಮಾಂಡ್ ಇಲ್ಲವಲ್ಲ ಅತ್ತೆ ಎಂದೂ ಹೇಳಿದೆ. ಎಲ್ಲರೂ ನಕ್ಕೆವು.

ಡಿಸೆಂಬರ್ 19, ಗುರುವಾರ

ಧನುರ್ಮಾಸ. ಬೆಳಗಾಗುವ ಮೊದಲೇ ಅತ್ತೆಯ ತಣ್ಣೀರು ಸ್ನಾನ, ಪೊಂಗಲ್ ನೈವೇದ್ಯ. ಕೆಮ್ಮು ಹಾಗೇ ಇದೆ. ಡಾಕ್ಟರ್ ಹತ್ತಿರ ಹೋಗೋಣ ಎಂದರೆ ಶುಂಠಿ ಕಷಾಯ ತೋರಿಸುತ್ತಾರೆ. ನನಗೆ ಜನವರಿಯಲ್ಲಿ ಕೈಪಿಡಿ ಹೊರಬರಬೇಕು, ಆ ರಿಲೀಸ್‌ನ ತಲೆನೋವು. ಒತ್ತಾಯ ಮಾಡಲಿಲ್ಲ.

ಡಿಸೆಂಬರ್ 28, ಶನಿವಾರ

ಆಸ್ಪತ್ರೆ. ನ್ಯುಮೋನಿಯಾ, ಎರಡೂ ಕಡೆ. ಐಸಿಯುಗೆ ಹಾಕಿದ್ದಾರೆ. ಮಲ್ಲೇಶ್ವರದಿಂದ ಅಣ್ಣ ಶ್ರೀಹರಿ ಬಂದಿದ್ದಾನೆ, ಔಷಧಿಗೆ ಓಡಾಡುತ್ತಿದ್ದಾನೆ. ನನಗೆ ಓಡಾಡುವುದಕ್ಕೂ ಏನೂ ಇಲ್ಲ. ಒಳಗೆ ಬಿಡುವುದು ಸಂಜೆ ಮಾತ್ರ. ಕಾರಿಡಾರಿನಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೇನೆ.

ಡಿಸೆಂಬರ್ 30, ಬೆಳಗ್ಗೆ 11

ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ. ಮೊದಲು ಅದನ್ನು ಬರೆದುಬಿಡುತ್ತೇನೆ.

ಕೊನೆಯ ಸಲ ನೋಡೋಣವೆಂದು ಅಧ್ಯಾಯ ತೆರೆದೆ. ಆ ಪುಟ. ಮೇಲೆ ಕಮಾಂಡ್, ಕೆಳಗೆ ಪರದೆಯ ಮೇಲೆ ಬರುವ ಉತ್ತರ — ಅಲಮೇಲು ಅಳಿಸಲಾಗಿದೆ. ಅದನ್ನು ಬರೆದವಳು ನಾನೇ. ಒಂದೇ ಅಳತೆಯ ಅಕ್ಷರ, ಬೂದು ಚೌಕ, ಮೇಲೆ ಕೆಳಗೆ ಒಂದೊಂದು ಖಾಲಿ ಸಾಲು. ಎಷ್ಟು ಚೆನ್ನಾಗಿ ಕೂತಿದೆ...

ಆ ಒಂದು ಪುಟದಲ್ಲಾದರೂ ಹೆಸರು ಬದಲಿಸುತ್ತೇನೆ ಎಂದುಕೊಂಡೆ. ಯಾರ ಹೆಸರು? ಶಕುಂತಲಮ್ಮ ಎಂದು ಹೊಡೆದೆ. ಬೆಳಗ್ಗೆ ತಾನೇ ಅವರು ಫ್ಲಾಸ್ಕಿನಲ್ಲಿ ಸಾರು ತಂದುಕೊಟ್ಟು ಹೋಗಿದ್ದರು. ಅಳಿಸಿದೆ. ಧೃತಿ ಎಂದು ಹೊಡೆಯಲು ಹೋದೆ, ಅಣ್ಣನ ಮಗಳು, ಇನ್ನೂ ಶಾಲೆಗೆ ಹೋಗುವ ಮಗು. ಕೈ ತಾನಾಗಿಯೇ ಹಿಂದೆ ಬಂತು. ಥೂ, ನನಗೇನು ಬಂದಿದೆ!

ಶ್ರೀಧರ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. "ನನ್ನ ಹೆಸರು ಹಾಕ್ಬಿಡಿ ಮೈತ್ರೇಯಿ. ನಾನು ಇದನ್ನೆಲ್ಲ ನಂಬಲ್ಲ" ಎಂದರು. ಒಳ್ಳೆಯ ಮನುಷ್ಯ.

ಡಿಸೆಂಬರ್ 31, ಮಂಗಳವಾರ

ಬೆಳಗ್ಗೆಯೇ ಶ್ರೀಧರ್ ಮೆಸೇಜು. ಅವರಮ್ಮ ಬೇಡ ಅನ್ನುತ್ತಿದ್ದಾರಂತೆ. ಸಾರಿ, ಸಾರಿ ಎಂದು ಎರಡು ಸಲ. ಸಿಟ್ಟು ಬರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಇಷ್ಟೇ.

ನನ್ನ ಹೆಸರನ್ನೇ ಹಾಕಿದೆ. ಮೈತ್ರೇಯಿಯನ್ನು ಅಳಿಸು. ಸಿಸ್ಟಮ್ ತಗೊಳ್ಳಲಿಲ್ಲ. ಕೆಂಪು ಸಾಲು ಬಂತು — ಉದಾಹರಣೆಯ ಹೆಸರು ಎಲ್ಲ ಪುಟಗಳಲ್ಲೂ ಒಂದೇ ಇರಬೇಕು. ಯಾರೂ ಮನಸ್ಸಿಗೆ ಬಂದ ಹೆಸರು ಹಾಕಬಾರದೆಂದು ನಾನೇ ಕೂತು ಬರೆಸಿದ ನಿಯಮ. ಸರಿ, ಎಲ್ಲ ಪುಟಗಳಲ್ಲೂ ಬದಲಿಸೋಣ ಎಂದು ಹೋದರೆ ರಿಲೀಸ್‌ಗೆಂದು ಉಳಿದ ಪುಟಗಳಿಗೆ ಆಗಲೇ ಬೀಗ ಬಿದ್ದಿದೆ, ತಿದ್ದುವ ಹಾಗಿಲ್ಲ. ತೆಗೆಸಿಕೊಡಿ ಎಂದು ಶ್ರೀಧರ್ ಅವರನ್ನು ಕೇಳಿದೆ. ಮೇಲಿನವರು ಕಾರಣ ಕೇಳುತ್ತಾರೆ ಮೈತ್ರೇಯಿ, ಏನಂತ ಬರೆಯಲಿ ಎಂದರು. ಏನಂತ ಬರೆಯುವುದು?

ಜನವರಿ 3, ಶುಕ್ರವಾರ, ಸಂಜೆ

ಅತ್ತೆಗೆ ಎಚ್ಚರವಿತ್ತು. ನರ್ಸ್ ಮಾಸ್ಕ್ ಸರಿಸಿ ಚಮಚದಲ್ಲಿ ನೀರು ಕುಡಿಸುವಾಗ ಮಾತಾಡಿದರು. ಮೊದಲು ಕೇಳಿದ್ದು ಪುಸ್ತಕ ಬಂತಾ ಎಂದು. ನನಗೆ ತಡೆಯಲಾಗಲಿಲ್ಲ. ಆ ಪುಟದಿಂದ ನಿಮ್ಮ ಹೆಸರು ತೆಗೆಯೋಕೆ ನೋಡಿದೆ ಅತ್ತೆ, ಆಗ್ತಾ ಇಲ್ಲ ಎಂದು ಹೇಳಿ ಅತ್ತುಬಿಟ್ಟೆ.

ಉಸಿರು ಸಿಕ್ಕಿದ ಮೇಲೆ ಕೇಳಿದರು.

"ಬೇರೆ ಯಾರದನ್ನ ಹಾಕ್ತೀಯೆ? ಅವರ ಮನೇಲಿ ಯಾರೂ ಇಲ್ವೇನೇ?"

ಕಣ್ಣು ಒರೆಸಿಕೊಂಡೆ. "ನಂದೇ ಇರ್ಲಿ ಬಿಡು. ಸೇರ್ಸೋದು ಒಬ್ಬರನ್ನ, ತೆಗೆಯೋದು ಇನ್ನೊಬ್ಬರನ್ನ ಅಂದ್ರೆ ಓದೋರಿಗೆ ಗಲಿಬಿಲಿ ಆಗತ್ತೆ" ಎಂದರು. ಟೈಪಿಂಗ್ ಮೇಡಂ ಧ್ವನಿಯಲ್ಲೇ. ನರ್ಸ್ ಮತ್ತೆ ಮಾಸ್ಕ್ ಹಾಕಿದಳು.

ಜನವರಿ 6, ಸೋಮವಾರ

ನಿನ್ನೆಯಿಂದ ವೆಂಟಿಲೇಟರ್. ಕೈ ಮುಟ್ಟಿದರೆ ಬಿಸಿ ಇದೆ, ಅಷ್ಟೇ.

ಇವತ್ತು ರಿಲೀಸ್. ಆಫೀಸಿನ ಗ್ರೂಪಿನಲ್ಲಿ ಎಲ್ಲರೂ ಚಪ್ಪಾಳೆ ಹಾಕುತ್ತಿದ್ದಾರೆ. ಇಡೀ ಕೈಪಿಡಿ ಒಂದೇ ಕೈ ಬರೆದ ಹಾಗಿದೆ ಎಂದು ಮೇಲಿನವರು ಹೊಗಳಿದ್ದಾರೆ. ಆ ಪುಟ ಈಗ ಎಲ್ಲರಿಗೂ ಕಾಣುತ್ತದೆ. ನಾನು ತೆರೆದು ನೋಡಲಿಲ್ಲ.

ಜನವರಿ 9, ಮಧ್ಯಾಹ್ನ 4

ಕಿಡ್ನಿಯೂ ಕೈಕೊಟ್ಟಿದೆಯಂತೆ. ಡಾಕ್ಟರ್ ಈಗ ಶ್ರೀಹರಿಯ ಜೊತೆ ಮಾತಾಡುವಾಗ ಹೆಗಲ ಮೇಲೆ ಕೈ ಇಡುತ್ತಾರೆ. ನೋಡಿದರೆ ಭಯವಾಗುತ್ತದೆ.

ನೆಂಟರು ಸೇರಿದ್ದಾರೆ. ನಾಳೆ ವೈಕುಂಠ ಏಕಾದಶಿ, ಅಲ್ಲಿಯವರೆಗೆ ಜೀವ ಹಿಡಿದುಕೊಂಡರೆ ಪುಣ್ಯ ಎಂದು ಯಾರೋ ಮೆಲ್ಲಗೆ ಅಂದರು. ಬಿಡ್ತು ಅನ್ನಿ ಎಂದೆ, ಎಲ್ಲರಿಗೂ ಕೇಳುವ ಹಾಗೆ. ಎಲ್ಲರೂ ನನ್ನ ಮುಖ ನೋಡಿದರು. ಯಾರೂ ಅನ್ನಲಿಲ್ಲ. ಕೊನೆಗೆ ನಾನೇ ಅಂದುಕೊಂಡೆ.

ಜನವರಿ 24, ಶುಕ್ರವಾರ

ಮೊನ್ನೆ ವೈಕುಂಠ ಸಮಾರಾಧನೆಯೂ ಮುಗಿಯಿತು. ಏಕಾದಶಿಯ ದಿನವೇ ಹೋದರು, ಪುಣ್ಯವಂತೆ ಎಂದು ಊಟ ಮಾಡಿದವರೆಲ್ಲ ಹೇಳಿ ಹೋದರು. ನನಗೆ ಪುಣ್ಯ ಬೇಕಿರಲಿಲ್ಲ. ಅತ್ತೆ ಬೇಕಿತ್ತು.

ಇವತ್ತಿಂದ ಕೆಲಸ. ಇನ್ನೂ ರಜ ತಗೊಳ್ಳಿ ಎಂದು ಶ್ರೀಧರ್ ಹೇಳಿದರು. ಮನೆಯಲ್ಲಿ ಕೂತು ಮಾಡುವುದಾದರೂ ಏನು? ಲಾಗಿನ್ ಆದೆ. ಓದುಗರ ಪ್ರಶ್ನೆ ಒಂದೇ ಒಂದು ಬಂದಿತ್ತು, ಅದೂ ಆ ಪುಟದ ಮೇಲೆಯೇ. ಯಾವುದೋ ತಾಲ್ಲೂಕಿನ ಲೈಬ್ರರಿಯ ಗುಮಾಸ್ತ. ತಮ್ಮ ಲೈಬ್ರರಿಯ ಹಳೆಯ ಸದಸ್ಯರೊಬ್ಬರನ್ನು ತೆಗೆಯಬೇಕಿತ್ತಂತೆ. ಹೆಸರು ಬದಲಿಸಬೇಕೆಂದು ತಿಳಿಯದೆ ಪುಟದಲ್ಲಿ ಇದ್ದದ್ದನ್ನು ಇದ್ದ ಹಾಗೇ ಹೊಡೆದಿದ್ದಾರೆ. ಕಲಿಯುವವರು ಹಾಗೇ ತಾನೇ, ಅತ್ತೆ.

"ನಿಮ್ಮ ಕೈಪಿಡಿಯಲ್ಲಿ ಇದ್ದಂತೆಯೇ ಟೈಪ್ ಮಾಡಿದೆ. ಅಲಮೇಲು ಸಿಗುತ್ತಿಲ್ಲ ಎಂದು ಬರುತ್ತಿದೆ. ಮೂರು ಸಲ ನೋಡಿದೆ. ಅಲಮೇಲು ಎಲ್ಲಿದ್ದಾರೆ, ದಯವಿಟ್ಟು ತಿಳಿಸಿ."

ಬೆಳಗ್ಗೆಯಿಂದ ಅದನ್ನೇ ನೋಡುತ್ತಾ ಕೂತಿದ್ದೇನೆ. ಸಂಜೆಯೊಳಗೆ ಉತ್ತರ ಕಳಿಸಬೇಕು, ಅದೂ ಒಂದು ನಿಯಮ. ಅಲ್ಲಿ ಹೊಡೆಯಲು ಕೈ ಬರುತ್ತಿಲ್ಲ. ಇಲ್ಲಿ ಒಂದು ಸಲ ಬರೆದು ನೋಡುತ್ತೇನೆ.

ನಮಸ್ಕಾರ. ಅಲಮೇಲು ಎಂಬುದು ಉದಾಹರಣೆಗಾಗಿ ಕೊಟ್ಟ ಹೆಸರು. ಅದರ ಜಾಗದಲ್ಲಿ ನಿಮಗೆ ಬೇಕಾದ ಹೆಸರನ್ನು ಹಾಕಿಕೊಳ್ಳಿ. ಅಲಮೇಲು ಎನ್ನುವವರು ಯಾರೂ...