ಶಿವನ ಪಾಲಿಗೆ ಹೋದ ನಕ್ಷತ್ರ

ಅಂಗೈಯ ಲಿಂಗದಲ್ಲಿ ನೆಲೆಸಿರುವ ಪರಶಿವನಿಗೆ ಶರಣು.
ವಿಶ್ವಾವಸು ಸಂವತ್ಸರ, ಕಾರ್ತಿಕ ಶುದ್ಧ ಷಷ್ಠಿ, ಸೋಮವಾರ. ಹಾರನಹಳ್ಳಿ.

ಇಂದು ಪೂಜೆಯಲ್ಲಿಯೂ ಮನಸ್ಸು ನಿಲ್ಲಲಿಲ್ಲ. ಖಗೋಳ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮೊಮ್ಮಗಳು ರೂಪಶ್ರೀಯ ಫೆಲೋಶಿಪ್ ಅರ್ಜಿ ಮತ್ತೊಮ್ಮೆ ತಿರಸ್ಕೃತವಾಗಿದೆ. ಅವಳ ಗುರುಗಳು ಫೋನಿನಲ್ಲಿ ರೇಗಿದರಂತೆ: "ಎಲ್ಲರಿಗೂ ಕೃತಜ್ಞತೆ ಹೇಳಿದ್ದೀಯಮ್ಮ. ನೀನೇನು ಮಾಡಿದೆ ಅನ್ನೋದೇ ಇಲ್ವಲ್ಲ!"

ಅರ್ಜಿಯನ್ನು ಓದಿಸಿ, ಅರ್ಥ ಹೇಳಿಸಿ ಕೇಳಿದೆ. ಮುದಿ ನಕ್ಷತ್ರವೊಂದರ ಮಿನುಗು ಲಯ ತಪ್ಪುತ್ತಿರುವುದನ್ನು ಮೊದಲು ಕಂಡವಳು ಇವಳೇ. ಆ ಕೀರ್ತಿಯನ್ನು ಗುರುಗಳಿಗೆ, ಜೊತೆಯವರಿಗೆ, ದೂರದರ್ಶಕ ನೋಡಿಕೊಳ್ಳುವವರಿಗೆ ಹಂಚಿ, ತಾನು ಬರಿಗೈಯಲ್ಲಿ ನಿಂತಿದ್ದಾಳೆ.

"ನೀನೇ ಕಂಡೆ ಅಂತ ಬರೆಯೋಕೇನು?" ಎಂದು ಸಿಡುಕಿದೆ.

"ಹೆಂಗೆ ಬರೀಲಿ ತಾತ? ರಂಗೋಲಿ ಚೆನ್ನಾಗಿದೆ ಅಂದೋರಿಗೂ 'ಶಿವನ ದಯೆ' ಅಂತ ಹೇಳ್ಸಿದ್ದು ನೀವೇ ತಾನೆ?"

ಅಡುಗೆಮನೆಯಿಂದ ನನ್ನ ಮಡದಿ ಪುಟ್ಟಮಾದಮ್ಮ ಕೂಗಿದಳು: "ಎಲ್ಲಾ ಶಿವನೇ ಮಾಡ್ದ ಅಂತ ಬರುದ್ರೆ ಕೆಲ್ಸಾನೂ ಶಿವಂಗೇ ಕೊಡ್ತಾರೆ ಕಣ್ರೀ!"

ನನಗೆ ನಗು ಬರಲಿಲ್ಲ. ವಿನಯ ಕಲಿಸಿದ್ದು ತಪ್ಪೆಂದು ಈಗಲೂ ಒಪ್ಪಲಾರೆ. ತಮ್ಮನ್ನು ತಾವೇ ಹೊಗಳಿಕೊಳ್ಳದವರಿಗೆ ಬಾಗಿಲು ತೆರೆಯದ ಈ ಪದ್ಧತಿಯ ಮೇಲೆ ಸಿಟ್ಟು ಇಳಿಯುತ್ತಿಲ್ಲ. ಆದರೆ ಇನ್ನೊಂದು ಫೆಲೋಶಿಪ್ಪಿಗೆ ನಾಳೆಯೇ ಕಡೆಯ ದಿನ.

"ಕಂಡದ್ದನ್ನ ಕಂಡೆ ಅಂತ ಬರಿ ಕಣವ್ವ. ಶಿವ ಮುನಿಸ್ಕೊಳ್ಳಲ್ಲ" ಎಂದೆ.

ಪಡಸಾಲೆಯಲ್ಲಿ ಕುಳಿತು ಬರೆಯುತ್ತಿದ್ದಾಳೆ, ಬರೆದದ್ದನ್ನು ಅಳಿಸುತ್ತಿದ್ದಾಳೆ. ನನಗೆ ಕಣ್ಣು ಎಳೆಯುತ್ತಿದೆ. ರೇಗಿದ ಗುರುಗಳಿಗೂ, ಅರ್ಜಿ ಓದುವ ಪರೀಕ್ಷಕರಿಗೂ, ಆ ಮುದಿ ನಕ್ಷತ್ರಕ್ಕೂ ಶಿವನು ಒಳಿತು ಮಾಡಲಿ. ಅದನ್ನು ಕಂಡವಳು ಮಾತ್ರ ನಮ್ಮ ರೂಪಶ್ರೀ.