ಎರಡು ಮೀಟರ್ ಎತ್ತರದ ದನಿ

ನಾವುಂದ,
ಶುಕ್ರವಾರ

ಫಿಸಿಕ್ಸ್ ಕಲಿಸುವ ಯತೀಶ್ ಸರ್ ಅವರಿಗೆ ನಮಸ್ಕಾರ.

ಅಪ್ಪ ಬೋಟಿನಿಂದ ವೈರ್‌ಲೆಸ್‌ನಲ್ಲಿ ಮಾತನಾಡದೆ ಇಂದಿಗೆ ಒಂಬತ್ತು ದಿನ. ಅಪ್ಪನ ದನಿ ಹೊತ್ತು ತರುವ ರೇಡಿಯೋ ಅಲೆ ಎಷ್ಟು ದೊಡ್ಡದೆಂದು ಅಮ್ಮ ಕೇಳಿದಾಗ, ಎರಡು ಮೀಟರ್ ಎಂದುಬಿಟ್ಟೆ.

"ನಿನ್ನಪ್ಪನಿಗಿಂತ ಎತ್ರ! ಕಿಟಕಿ ಸಾಕಾತಿಲ್ಲೆ, ಬಾಗಿಲ್ ತೆಗಿ ಹೆಣೆ" ಎಂದು ನನ್ನನ್ನು ಕೂಗಿದಳು.

ಅಂದಿನಿಂದ ಬಾಗಿಲು ತೆರೆದೇ ಇದೆ. ಕಡಲಗಾಳಿ ಒಳಗೆ ಬಂದು ಕ್ಯಾಲೆಂಡರಿನ ಹಾಳೆ ಎತ್ತಿದರೂ ಅಮ್ಮ ಎದ್ದು ನಿಲ್ಲುತ್ತಾಳೆ.

ಎರಡು ಮೀಟರ್ ಎಂಬುದು ಅಲೆಯ ಉದ್ದ ಮಾತ್ರ, ರೇಡಿಯೋ ಫೋಟಾನಿಗೆ ಮರಳಿನ ಕಣಕ್ಕಿರುವಂಥ ಗಾತ್ರವೇ ಇಲ್ಲ ಎಂದು ನಿನ್ನೆ ನೀವು ತರಗತಿಯಲ್ಲಿ ಹೇಳಿದಿರಿ. ಅದನ್ನು ನಾನು ಅಮ್ಮನಿಗೆ ತಿಳಿಸಿಲ್ಲ. ಭಾನುವಾರ ಅಮ್ಮನನ್ನು ನೋಡಲು ನಮ್ಮ ಮನೆಗೆ ಬಂದಾಗ ನೀವೂ ಹೇಳಬೇಡಿ ಸರ್.

ಹೊರಡುವಾಗ ಬಾಗಿಲು ಎಳೆದುಕೊಳ್ಳಬೇಡಿ.

ನಿಮ್ಮ ವಿದ್ಯಾರ್ಥಿನಿ,
ಮೋಕ್ಷಿತಾ