ಯಾರೂ ಏನೂ ಕೇಳದ ಮನೆ

ನೀಳ ವೈಶಾಖ, ನಲವತ್ತೊಂದನೆಯ ದಿನ. ನಿಮ್ಮ ಕಾಲದಿಂದ ಈಚೆಗೆ ಅರವತ್ತು ಸಂವತ್ಸರಗಳ ಚಕ್ರ ಮೂರು ಸುತ್ತು ತಿರುಗಿದ ಮೇಲೆ.

ಹಿಂದಿನ ಕಾಲದ ಅಕ್ಕನಿಗೆ ಶರಣು.

ತಿಂಗಳಿಗೆ ನಲವತ್ತೊಂದನೆಯ ದಿನ ಎಲ್ಲಿಂದ ಬಂತು ಎಂದು ನಿಮಗೆ ಅನಿಸಬಹುದು. ಬೇಸಿಗೆ ಹಿಗ್ಗಿದಂತೆಲ್ಲ ನಮ್ಮ ಹಿರಿಯರು ವೈಶಾಖವನ್ನೂ ಹಿಗ್ಗಿಸಿದರು. ನನ್ನ ಮಾತಿನಲ್ಲಿ ಇಂಥ ವಿಚಿತ್ರ ಇನ್ನೂ ಬಂದಾವು. ಹಳ್ಳಿ ಶಾಲೆಯಲ್ಲಿ ಓದಿದವಳು ನಾನು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಐವತ್ತು ತುಂಬಿದ ವರ್ಷ ಹಿಂದಿನವರಿಗೊಂದು ಓಲೆ ಬರೆದು ಗುಡಿಯ ದೀಪದ ಬುಡದಲ್ಲಿಡುವುದು ನಮ್ಮ ಪದ್ಧತಿ. ತಲುಪುತ್ತದೋ ಬಿಡುತ್ತದೋ ಶಿವನೇ ಬಲ್ಲ. ಎಲ್ಲರೂ ಮುತ್ತಜ್ಜಿಯರಿಗೆ ಬರೆಯುತ್ತಾರೆ. ನಾನು ಹೆಸರೇ ಗೊತ್ತಿಲ್ಲದ ನಿಮಗೆ ಬರೆಯುತ್ತಿದ್ದೇನೆ. ಅತ್ಯಾಚಾರಕ್ಕೆ ಒಳಗಾಗಿ, ಅದನ್ನು ಠಾಣೆಯಲ್ಲಿ ಹೇಳಿ, ಆಸ್ಪತ್ರೆಯಲ್ಲಿ ಹೇಳಿ, ಕೋರ್ಟಿನಲ್ಲಿ ವರ್ಷಗಟ್ಟಲೆ ಹೇಳಿದವರು ಯಾರೇ ಇರಲಿ, ನೀವೇ ಆ ಅಕ್ಕ.

ನಿಮ್ಮ ಸಂಗತಿ ನಮಗೆ ಶಾಲೆಯಲ್ಲಿ ಪಾಠವಾಗಿತ್ತು. ಅಲ್ಲಿಗೆ ಯಾಕೆ ಹೋಗಿದ್ದೆ, ಏನು ಉಟ್ಟಿದ್ದೆ, ಯಾಕೆ ಕೂಗಲಿಲ್ಲ, ಅವನ ಪರಿಚಯ ಮೊದಲೇ ಇತ್ತಾ ಎಂದೆಲ್ಲ ನಿಮ್ಮನ್ನು ಕೇಳಿದ್ದನ್ನು ಟೀಚರಮ್ಮ ಓದಿದಾಗ ನಾವು ಹುಡುಗಿಯರು ಚೇಷ್ಟೆ ಎಂದುಕೊಂಡು ನಕ್ಕೆವು. "ಕದ್ದವನ್ನ ಬಿಟ್ಟು ಕಳಕೊಂಡಾಕೀನ ಕೇಳ್ತಿದ್ರೇನ್ರೀ?" ಎಂದು ನಾನೇ ಎದ್ದು ಕೇಳಿದ್ದೆ. ಟೀಚರಮ್ಮ ನಗಲಿಲ್ಲ.

ಆ ಪಾಪ ಮತ್ತೆ ಆಗಬಾರದೆಂದು ನಮ್ಮ ಅಜ್ಜಿಯರು ಒಮ್ಮಾತಿನ ಕಾಯ್ದೆ ತಂದರು. ಹಾಗೆಂದರೆ, ನೊಂದವಳು ಒಂದೇ ಸಲ, ಒಬ್ಬಳ ಮುಂದೆ ಮಾತ್ರ ಹೇಳಬೇಕು. ಆ ಒಬ್ಬಳಿಗೆ ಕೇಳುಗಿತ್ತಿ ಎನ್ನುತ್ತೇವೆ. ಆಮೇಲೆ ವೈದ್ಯರ ಹತ್ತಿರ, ನ್ಯಾಯಾಧೀಶರ ಹತ್ತಿರ ಆ ಮಾತು ಹೊತ್ತು ತಿರುಗುವುದು ಅವಳ ಕೆಲಸ. ಮೂರು ವರ್ಷದ ಹಿಂದೆ ಬೀಜದ ಕಣಜದ ಮೇಲ್ವಿಚಾರಕ ನನ್ನನ್ನು ಕೆಡವಿ ಅತ್ಯಾಚಾರ ಮಾಡಿದಾಗ ನಾನೂ ಹಾಗೆಯೇ ಹೇಳಿದೆ. ಕೇಳುಗಿತ್ತಿ ನನ್ನ ಕೈ ಹಿಡಿದು ಕೇಳಿದಳು, ಕಣ್ಣು ತಗ್ಗಿಸಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ಅವನಿಗೆ ಶಿಕ್ಷೆಯಾಯಿತು. ನಾನು ಕೋರ್ಟಿನ ಮೆಟ್ಟಿಲನ್ನೇ ನೋಡಲಿಲ್ಲ. ಇದೆಲ್ಲ ದೇವರ ದಯೆ. ಸುಳ್ಳು ಹೇಳಬಾರದು.

ತೀರ್ಪಾದ ದಿನ ಮನೆಯ ಬಾಗಿಲಿಗೆ ಬಿಳಿ ದಾರ ಕಟ್ಟಿ ಹೋದರು. ಅದಕ್ಕೆ ಬಾಯಿಬೇಲಿ ಎಂದು ಹೆಸರು. ಈ ಮನೆಯವಳನ್ನು ಆ ವಿಷಯ ಯಾರೂ ಕೇಳಕೂಡದು ಎಂದು ಕಾಯ್ದೆಯ ಅರ್ಥ. ಆದರೆ ಎಲ್ಲಿ ತಪ್ಪಿ ಬಾಯಿಗೆ ಬಂದೀತೋ ಎಂದು ಹೆದರಿ ಹೆದರಿ, ನಮ್ಮ ಊರಿನವರು ಯಾವ ವಿಷಯವನ್ನೂ ಕೇಳದಿರುವುದನ್ನೇ ರೂಢಿ ಮಾಡಿಕೊಂಡರು. ನೀವೂ ಕನ್ನಡದವರು, ನಿಮಗೆ ಗೊತ್ತು. ಎದುರಿಗೆ ಬಂದವರನ್ನು ನಾವು ಮಾತಾಡಿಸುವುದೇ ಕೇಳಿಕೊಂಡು. ಚಹಾ ಆತೇನು, ಎಲ್ಲಿಗೆ ಹೊಂಟಿ, ಮೊಣಕಾಲು ಹೆಂಗದಾವ. ಅದನ್ನು ಕೇಳಬೇಡಿ ಎಂದರೆ ನಮ್ಮ ಜನಕ್ಕೆ ಇನ್ನೇನು ಬರುತ್ತದೆ? ನೀರಗಂಬದ ಹತ್ತಿರ, ಎಂದರೆ ಗಾಳಿಯ ಪಸೆ ಹೀರಿ ನೀರಿಳಿಸುವ ಕಂಬದ ಹತ್ತಿರ, ನನ್ನನ್ನು ಕಂಡವರು "ಬಿಸಲು ಭಾಳ ಐತಿ" ಎನ್ನುತ್ತಾರೆ. ನಾನು "ಹೌದು" ಎನ್ನುತ್ತೇನೆ. ಕೊಡ ತುಂಬುವವರೆಗೂ ಇಬ್ಬರೂ ಕೊಡವನ್ನೇ ನೋಡುತ್ತ ನಿಲ್ಲುತ್ತೇವೆ.

ನಮ್ಮ ಕಾಲದ ಸೆಕೆಯಲ್ಲಿ ಯಾರ ಮನೆಯಲ್ಲೂ ಒಲೆ ಹಚ್ಚುವುದಿಲ್ಲ. ಊರಿಗೆಲ್ಲ ಮಠದ ದಾಸೋಹದ ಮನೆಯೇ ಅಡುಗೆಮನೆ. ಹೆಂಗಸರ ಸುಖದುಃಖ, ಜಗಳ, ನಗೆ, ಹಾಡು, ಬೀಗತನದ ಮಾತು ಎಲ್ಲ ಅಲ್ಲಿಯೇ, ಹಿಟ್ಟಿನ ಜೊತೆಗೆ. ಮದುವೆಯಾಗಿ ಬಂದಾಗಿನಿಂದ ನಾನು ಅಲ್ಲಿ ರೊಟ್ಟಿ ಬಡಿದವಳು. ದಾರ ಕಟ್ಟಿದ ಮರುದಿನ ಹೋದರೆ ನನ್ನ ಕಲ್ಲಿನ ಮುಂದೆ ಬೇರೊಬ್ಬಳು ಕೂತಿದ್ದಳು. "ನೀ ದಣೀಬ್ಯಾಡ ಯವ್ವಾ, ನಿನ್ನ ಬುತ್ತಿ ಮನಿಗೇ ಕಳಸ್ತೀವಿ" ಎಂದರು. ಪ್ರೀತಿಯಿಂದಲೇ ಅಂದರು. ಅಂದಿನಿಂದ ಬುತ್ತಿ ಬಾಗಿಲ ಹೊರಗೆ ಬಂದು ಕೂಡುತ್ತದೆ. ತಂದವರು ಕದ ಬಡಿಯುವುದಿಲ್ಲ. ನನ್ನ ಗಂಡ ಮೊದಲೇ ಶಿವನ ಪಾದ ಸೇರಿದ್ದ. ಮನೆಯಲ್ಲಿ ನನಗೆ ಓಗೊಡುವುದು ಕೈಯಲ್ಲಿನ ಲಿಂಗವೊಂದೇ.

ದಾರ ಬಿಚ್ಚಿಸಿ ಎಂದು ನ್ಯಾಯದ ಕಟ್ಟೆಗೆ ಹೋದೆ. ಕಟ್ಟೆಯ ಹಿರಿಯ ಮಹಾರುದ್ರಪ್ಪ ಒಳ್ಳೆಯ ಮನುಷ್ಯ, ನನ್ನ ಮುಖ ನೋಡಲೂ ಅಂಜಿದ. "ಬಿಚ್ಚಬೇಕಂದ್ರ, ಇದು ನಿನ್ನ ಸ್ವಂತ ಇಚ್ಛಾನೋ ಯಾರಾರ ಒತ್ತಾಯಾನೋ ಅಂತ ಕೇಳಬೇಕಾಗ್ತೈತಿ ತಾಯಿ. ನಿನ್ನ ಕೇಳಾಕ ನಮಗ ಬರೂದಿಲ್ಲ." ನೀವು ಕೇಳದೆಯೇ ಹೇಳುತ್ತೇನೆ ಎಂದೆ. ಕೇಳದೆ ಹೇಳಿದ್ದು ಕಟ್ಟೆಯಲ್ಲಿ ನಿಲ್ಲುವುದಿಲ್ಲವಂತೆ. ನನ್ನ ಕೈಯಾರೆ ನಾನೇ ಹರಿದುಕೊಳ್ಳಬಹುದಂತೆ. ಆದರೆ ಆಮೇಲೆ ಕಾಯ್ದೆಯ ಕಾವಲು ಇಲ್ಲ, ಯಾರು ಬೇಕಾದರೂ ಏನನ್ನಾದರೂ ಕೇಳಬಹುದು. ಆ ಮೇಲ್ವಿಚಾರಕನ ತಮ್ಮಂದಿರು ಇದೇ ಊರಿನಲ್ಲಿದ್ದಾರೆ. ಸುಮ್ಮನೆ ಮನೆಗೆ ಬಂದೆ.

ಮೊನ್ನೆ ಸೋಮವಾರ ತಡೆಯಲಾಗಲಿಲ್ಲ. ಕರೆಯದೆಯೇ ದಾಸೋಹದ ಮನೆಗೆ ಹೋಗಿ ಖಾಲಿ ಇದ್ದ ಕಲ್ಲಿನ ಮುಂದೆ ಕೂತೆ. ಎಲ್ಲರೂ ತಂತಮ್ಮ ಹಿಟ್ಟಿನ ಕಡೆ ಬಗ್ಗಿದರು. ರೂಢಿ ತಪ್ಪಿ ರೊಟ್ಟಿ ಹರಿಯಿತು. ಆಗ ಪಕ್ಕದ ನೀಲಗಂಗತ್ತಿ, ಎಪ್ಪತ್ತು ದಾಟಿದ ಮುದುಕಿ, ಹಂಚಿನ ಮೇಲಿನ ರೊಟ್ಟಿ ಬಿಟ್ಟು ನನ್ನ ಕಡೆ ತಿರುಗಿದಳು.

"ಏನಬೇ ಇದು, ರೊಟ್ಟಿನೋ ಹರದ ಕೆರವೋ? ಮೂರು ವರ್ಷ ಕುಂತು ತಿಂದು ಕೈ ಜಡ್ಡುಗಟ್ಟ್ಯಾವೇನ?"

"ನಿನ್ನ ಬಾಯಿಗೆ ಮಾತ್ರ ಜಡ್ಡು ಬಂದಿಲ್ಲ ಬಿಡತ್ತಿ," ಎಂದೆ.

"ಬಂದ್ರ ನಿಮ್ಮನ್ನೆಲ್ಲ ಬೈಯಾವ್ರ ಯಾರು? ಹಿಟ್ಟಿಗೆ ಬಿಸಿನೀರು ಹಾಕೀಯಿಲ್ಲೋ?"

ಅಷ್ಟೇ. ನಾನು ಸೆರಗು ಬಾಯಿಗೊತ್ತಿಕೊಂಡು ಅತ್ತೆ, ಅಳುತ್ತಲೇ ರೊಟ್ಟಿ ಬಡಿದೆ. ಅತ್ತದ್ದನ್ನು ಕಂಡವರು ನನಗೆ ನೋವಾಯಿತೆಂದು ತಿಳಿದು, ನನ್ನ ಒಳ್ಳೆಯದಕ್ಕೇ ಎಂದುಕೊಂಡು, ಕಟ್ಟೆಗೆ ದೂರು ಕೊಟ್ಟರು. ಬೇಲಿ ದಾಟಿದ್ದಕ್ಕೆ ನೀಲಗಂಗತ್ತಿಗೆ ಒಂದು ವರ್ಷ ದಾಸೋಹದ ಮನೆ ಬಂದ್ ಆಗಬೇಕೆಂದು ಕಾಯ್ದೆ. ನಾಳೆ ಕಟ್ಟೆಯಲ್ಲಿ ತೀರ್ಮಾನ. "ಕೇಳೀನಿ, ಹೌದು. ರೊಟ್ಟಿ ಸುದ್ದಿ ಕೇಳೀನಿ. ಇನ್ನೊಮ್ಮಿ ಕೇಳ್ತೀನಿ" ಎಂದು ಓಣಿಯ ತುಂಬ ಹೇಳಿಕೊಂಡು ತಿರುಗುತ್ತಿದ್ದಾಳೆ ಮುದುಕಿ. ಹೊರಗೆ ಇಷ್ಟು ಜೋರು. ಆ ಹೊಗೆ, ಆ ಬೈದಾಟ ಇಲ್ಲದೆ ಅವಳು ಮುಂದಿನ ವೈಶಾಖ ಕಾಣಲಾರಳು. ನನಗೆ ನೋವಾಗಲಿಲ್ಲ ಎಂದು ಹೇಳಬಲ್ಲವಳು ನಾನೊಬ್ಬಳೇ. ಆದರೆ ನನ್ನನ್ನು ಯಾರೂ ಕೇಳುವಂತಿಲ್ಲ.

ಅದಕ್ಕೇ ನಾಳೆ ಪೂಜೆ ಮುಗಿಸಿ ದಾರ ಹರಿದು ಕಟ್ಟೆಗೆ ಹೋಗುತ್ತೇನೆ ಅಕ್ಕ. ನಿಮಗೆ ಇಂಥದೊಂದು ದಾರ ಒಂದು ದಿನಕ್ಕೂ ಸಿಗಲಿಲ್ಲ. ಸಿಕ್ಕಿದ್ದನ್ನು ನಾನು ಹರಿದುಕೊಳ್ಳುವುದು ನೋಡಿ ನಿಮಗೆ ಸಂಕಟವಾದೀತು. ಕಾಯ್ದೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ನಿಮ್ಮ ಕಾಲದಲ್ಲೂ ಇಂಥದ್ದು ಬರಲಿ, ಬೇಗ ಬರಲಿ. ಅದನ್ನು ತರುವವರಿಗೆ ಇಷ್ಟು ಹೇಳಿಬಿಡಿ, ಬೇಲಿ ಕಟ್ಟಿದ ಮೇಲೆ ತಾವೂ ಒಳಗೆ ಬಂದು ಅವಳ ಹತ್ತಿರ ಒಂದಿಷ್ಟು ಹೊತ್ತು ಕೂಡಲಿ.

ಕಣಜಕ್ಕೆ ಒಬ್ಬಳೇ ಯಾಕೆ ಹೋದೆ ಎಂದು ನಾಳೆ ಅವನ ತಮ್ಮಂದಿರು ಕೇಳುತ್ತಾರೆ. ಮೂರು ವರ್ಷದಿಂದ ಅವರು ಅದನ್ನು ನಾಲಗೆಯಡಿ ಇಟ್ಟುಕೊಂಡು ಕೂತಿದ್ದಾರೆ. ನನಗೆ ಹೆದರಿಕೆಯಿದೆ. ನೀವು ಎಷ್ಟೋ ಜನರ ಮುಂದೆ ನಿಂತು ಬಾಯಿ ಬಿಟ್ಟವರು, ನಿಮ್ಮ ದನಿಯಲ್ಲಿ ಒಂದು ಚೂರು ನನಗೆ ಕಳಿಸಿ. ಅವರು ಏನೇ ಕೇಳಲಿ, ನಾನು ಮೊದಲು ಹೇಳುವುದು ನೀಲಗಂಗತ್ತಿಯಿಂದ ನನಗೆ ನೋವಾಗಲಿಲ್ಲ ಎಂಬ ಮಾತು. ಅವರಿಗೆ ಉತ್ತರ ಕೊಡುವುದು ಬಿಡುವುದು ಆಮೇಲಿನದು, ಅದು ನನ್ನ ಇಷ್ಟ.

ಶರಣು,
ಈರಸಂಗವ್ವ